ಉಜ್ಜನಪ್ಪನ ಮಾಳಿಗೆಯ ಬಾಣಂತಿ

ಸುಳ್ಳು ಹೇಳೋದಕ್ಕೂ ರೂಢಿ ಬೇಕು. ರೂಢಿ ಇದ್ದೋರು ಸಾಸಿವೆಯಷ್ಟು ಸುಳ್ಳು ಹೇಳಿ, ಕೆಲಸ ಮುಗಿಸಿಕೊಂಡು ಮನೆಗೆ ಹೋಗ್ತಾರೆ. ನಮ್ಮ ಎದುರು ಮನೆ ಉಜ್ಜನಪ್ಪ ಅಂಥವನಲ್ಲ. ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡೂ ತಲೆ ನರೆಯೋ ತನಕ ನೆಟ್ಟಗೆ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಈ ಬೇಸಿಗೆಯಲ್ಲಿ ಮೊದಲನೇ ಸಲ ಒಂದು ಹೇಳಿದ. ಅದು ದಾವಣಗೆರೆ ಅಂಚಿನ ನಮ್ಮ ಆವರಗೆರೆಯಿಂದ ಹೊರಟು, ಹರಿಹರದ ಹೊಳೆ ಮುಟ್ಟಿ, ಟೆಂಪೋ ಹತ್ತಿಕೊಂಡು ವಾಪಸ್ ಬಂತು.

ಎಲ್ಲದಕ್ಕೂ ಮೂಲ ಮಾಳಿಗೆ. ಉಜ್ಜನಪ್ಪನ ಬೀಗರು ಗುರುಮೂರ್ತಿ, ಅಂದರೆ ಸೊಸೆ ಅಂಕಿತಾಳ ತಂದೆ, ಹರಿಹರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಮೇಲೆ ಕೂತರೆ ತುಂಗಭದ್ರೆ ಕಾಣುತ್ತಿತ್ತು. ಒಂದು ಸಲ ಅಲ್ಲಿ ಚಹಾ ಕುಡಿಯುವಾಗ ಬೀಗರು, "ನಿಮ್ಮ ಮನೆ ಮ್ಯಾಲಿಂದ ಏನು ಕಾಣ್ತೈತ್ರಿ?" ಅಂತ ಕೇಳಿದರು. ಮಾತಿಗೆ ಮಾತು ಅಂತ ಕೇಳಿದ್ದು, ಅಷ್ಟೇ. ಉಜ್ಜನಪ್ಪ ಮಾತ್ರ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ವಾರದೊಳಗೆ ಮೇಸ್ತ್ರಿ ಅಬ್ದುಲ್ ರಹೀಮ್ ಬಂದ. ಮಾಳಿಗೆ ಮೇಲೆ ಕಂಬದ ಕಬ್ಬಿಣದ ಸರಳು ಎದ್ದು ನಿಂತವು. ಜೆಲ್ಲಿಕಲ್ಲು ಹೊತ್ತು ಹಾಕಿ ಹರಡಿದ್ದೂ ಆಯಿತು. ಅಷ್ಟರಲ್ಲಿ ರಂಜಾನ್ ಬಂತು. "ಉಪವಾಸ ಇದ್ದು ಬಿಸಿಲಾಗೆ ಕಲ್ಲು ಹೊರೋದು ಬ್ಯಾಡ, ಹಬ್ಬ ಮುಗಿಸ್ಕೊಂಡು ಬರ್ರಿ" ಅಂತ ಉಜ್ಜನಪ್ಪನೇ ಹೇಳಿ ಕಳಿಸಿದ. ಮೇಸ್ತ್ರಿ ಹೋದ. ಮಾಳಿಗೆ ಖಾಲಿ ಇದೆ ಅಂತ ಬೇರೆಯವರು ಬಂದರು.

ಬಂದದ್ದು ಟಿಟ್ಟಿಬ ಹಕ್ಕಿ. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕುಂಕುಮ ಮೆತ್ತಿದಂಥ ಕೆಂಪು ತೊಗಲು. ಇದು ಮರದ ಮೇಲೆ ಕೂರುವುದಿಲ್ಲ, ಗೂಡು ಹೆಣೆಯುವುದಿಲ್ಲ. ಬಯಲಲ್ಲಿ ಕಲ್ಲಿನ ನಡುವೆ ಕಲ್ಲಿನ ಬಣ್ಣದ್ದೇ ತತ್ತಿ ಇಟ್ಟು ಕೂರುತ್ತದೆ. ಮೊದಲೆಲ್ಲ ಆವರಗೆರೆ ಬಯಲಲ್ಲಿ ಇಡುತ್ತಿತ್ತು. ದನ ಹೊಡಕೊಂಡು ಹೋಗೋರು ಅದರ ಕೂಗು ಕೇಳಿ ಸುತ್ತು ಹಾಕಿ ಹೋಗುತ್ತಿದ್ದರು. ಆ ಬಯಲಿಗೆ ಈಗ ಸೈಟಿನ ಕಲ್ಲು ನೆಟ್ಟು ನಂಬರು ಬರೆದಿದ್ದಾರೆ. ಹಕ್ಕಿ ಪಾಪ, ಇನ್ನೆಲ್ಲಿ ಬಯಲು ಅಂತ ಹುಡುಕುತ್ತ ಉಜ್ಜನಪ್ಪನ ಜೆಲ್ಲಿ ಕಂಡು ಇದೇ ಅಂದುಕೊಂಡಿತು.

ಉಜ್ಜನಪ್ಪನಿಗೆ ಇದು ಗೊತ್ತಾದದ್ದು ಜೆಲ್ಲಿ ನೋಡೋಣ ಅಂತ ಮೇಲೆ ಹೋದ ದಿನ. ಎರಡು ಹಕ್ಕಿ ಕಿರುಚಿಕೊಂಡು ಅವನ ತಲೆ ಮೇಲೆ ಎರಗಿದವು. ಹೆಗಲ ಮೇಲಿನ ಟವೆಲ್ಲು ಹಾರಿ ನಮ್ಮ ಅಂಗಳಕ್ಕೆ ಬಿತ್ತು.

"ಯಾಕ್ ಬಂದಿ ಯಾಕ್ ಬಂದಿ ಅಂತಾವಲ್ಲೇ! ನನ್ನ ಮನೆ ಮ್ಯಾಲೆ ನಾನು ಬರಬಾರದಾ?" ಅಂದ.

ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಅಂಕಿತಾ, "ಮಾವ, ಎತ್ತಿದ ಕಾಲು ಇಡಬ್ಯಾಡ್ರಿ!" ಅಂದಳು.

ಉಜ್ಜನಪ್ಪ ಒಂಟಿ ಕಾಲಲ್ಲಿ ನಿಂತ. ಚಪ್ಪಲಿಯ ಕೆಳಗೆ, ಗೇಣಿಗೂ ಕಡಿಮೆ ದೂರದಲ್ಲಿ, ನಾಲ್ಕು ಜೆಲ್ಲಿಕಲ್ಲು ಬೇರೆ ಜೆಲ್ಲಿಗಿಂತ ಸ್ವಲ್ಪ ನುಣ್ಣಗಿದ್ದವು.

ಅಂಕಿತಾ ಶಾಲೆಯಲ್ಲಿ ವಿಜ್ಞಾನ ಹೇಳೋ ಹುಡುಗಿ. ಮಾವನನ್ನು ಮೆಟ್ಟಿಲ ಬಾಗಿಲಿನ ಹಿಂದೆ ಕೂರಿಸಿಕೊಂಡು, "ಸುಮ್ಕಿದ್ದು ನೋಡ್ರಿ" ಅಂದಳು. ಸ್ವಲ್ಪ ಹೊತ್ತಿಗೆ ಗಂಡು ಹಕ್ಕಿ ಹಾರಿಬಂತು. ಅದರ ಹೊಟ್ಟೆಯ ಪುಕ್ಕ ಒದ್ದೆಯಾಗಿ ತೊಟ್ಟಿಕ್ಕುತ್ತಿತ್ತು. ಹೆಣ್ಣು ಎದ್ದು ಜಾಗ ಬಿಟ್ಟಿತು. ಗಂಡು ತತ್ತಿಗಳ ಮೇಲೆ ಹೊಟ್ಟೆ ಊರಿ ಕೂತಿತು.

"ಎಲ್ಲೋ ನೀರಾಗೆ ಕುಂತು ಹೊಟ್ಟೆ ನೆನಸ್ಕೊಂಡು ಬರ್ತೈತೆ ಮಾವ. ಈ ಬಿಸಿಲಿಗೆ ತತ್ತಿ ಬೆಂದುಹೋಗಬಾರದು ಅಂತ."

ಉಜ್ಜನಪ್ಪ ಆ ಗಂಡು ಹಕ್ಕಿಯನ್ನೇ ನೋಡಿದ. ಆಮೇಲೆ, "ನಮ್ಮ ಪ್ರಶಾಂತ ಹುಟ್ಟಿದಾಗ ನಾನು ಒಂದು ತಂಬಿಗೆ ನೀರೂ ಕಾಸಲಿಲ್ಲ ನೋಡವ್ವ" ಅಂದ. ಮರುದಿನವೇ ಅಂಗಡಿಯಿಂದ ಅಗಲ ಬಾಯಿಯ ಹೊಸ ಪರಾತ ತಂದು ನೀರು ತುಂಬಿ ಮಾಳಿಗೆಯ ಮೂಲೆಯಲ್ಲಿಟ್ಟ. ಸ್ಟೀಲಿನದು, ಅಂಚಿಗೆ ಹೂವಿನ ಡಿಸೈನು. ಗಿರಾಕಿಗೂ ಅಷ್ಟು ಸಲೀಸಾಗಿ ತೆಗೆದು ತೋರಿಸಿದವನಲ್ಲ.

ಹಬ್ಬ ಮುಗಿಯಿತು. ರಹೀಮ್ ಮೇಸ್ತ್ರಿ ಅತ್ತರು ಹಚ್ಚಿಕೊಂಡು ಬಂದು, "ಯಜಮಾನ್ರೆ, ನಾಳೆ ಜೆಲ್ಲಿ ಎತ್ತಿಸಿ ಕೆಲ್ಸ ಶುರು ಹಚ್ಚೋಣ. ಮಳೆ ಬರೋದ್ರೊಳಗೆ ಸ್ಲ್ಯಾಬ್ ಆಗಬೇಕು" ಅಂದ.

ಹಕ್ಕಿ ಕೂತಿದೆ ಅನ್ನಬಹುದಿತ್ತು. ಆದರೆ ಹಕ್ಕಿಗಾಗಿ ಮಾಳಿಗೆ ನಿಲ್ಲಿಸಿದ ಅನ್ನೋದು ಹರಿಹರಕ್ಕೆ ಮುಟ್ಟಿದರೆ? ಬೀಗರು ಹೊಳೆ ನೋಡಿಕೊಂಡು ನಗೋದು ಉಜ್ಜನಪ್ಪನಿಗೆ ಕಣ್ಣಿಗೆ ಕಟ್ಟಿತು. ಗಂಟಲು ಸರಿ ಮಾಡಿಕೊಂಡ.

"ಹಂಗಲ್ಲ ಮೇಸ್ತ್ರಿ... ಬಸುರಿ ಇರೋ ಮನ್ಯಾಗೆ ಕಟ್ಟಡ ಮಾಡಬಾರದಂತೆ. ನಮ್ಮಲ್ಲಿ ಪದ್ಧತಿ."

ರಹೀಮ್ ಕೈಯಲ್ಲಿದ್ದ ಕರಣೆ ಚೀಲಕ್ಕೆ ಹಾಕಿದ. "ಯಾ ಅಲ್ಲಾ! ಮುಬಾರಕ್ ಯಜಮಾನ್ರೆ! ಮೊದ್ಲೇ ಹೇಳಬಾರದಾ? ಆ ಮಗಳ ತಲೆ ಮ್ಯಾಲೆ ನಾನು ಸುತ್ತಿಗೆ ಬಡೀತೀನಾ? ಎಲ್ಲಾ ಸುಸೂತ್ರ ಆಗಲಿ, ಆಮ್ಯಾಕೆ ಕರೀರಿ."

ಉಜ್ಜನಪ್ಪ ಬಾಯಿ ತೆಗೆಯೋದರೊಳಗೆ ಮೇಸ್ತ್ರಿಯ ಬೈಕು ತಿರುವು ದಾಟಿತ್ತು.

ರಹೀಮ್ ಹೇಳಿದ್ದು ಹೆಂಡತಿ ಜೈನಾಬಿಗೆ ಮಾತ್ರ. ಜೈನಾಬಿ ಹೇಳಿದ್ದು ತರಕಾರಿ ಗಾಡಿ ಹತ್ತಿರ ಸಿಕ್ಕ ಗುರುಶಾಂತಮ್ಮನಿಗೆ ಮಾತ್ರ. ಗುರುಶಾಂತಮ್ಮ ನಮ್ಮ ಓಣಿಯ ಕೊನೆ ಮನೆಯಾಕೆ. ಆಕೆಗೆ ಹೇಳಿದ ಮೇಲೆ ಯಾರಿಗೂ ಬೇರೆ ಹೇಳುವ ಕೆಲಸ ಉಳಿಯೋದಿಲ್ಲ.

ಸಂಜೆ ಅಂಕಿತಾ ಶಾಲೆಯಿಂದ ಬಂದಾಗ ಜಗುಲಿ ಮೇಲೆ ಮಾವಿನಕಾಯಿ, ಹುಣಸೆಕಾಯಿ, ನೆಲ್ಲಿಕಾಯಿ ಉಪ್ಪಿನಕಾಯಿಯ ಭರಣಿ, ಜೈನಾಬಿ ಕಳಿಸಿದ ಶಾವಿಗೆ ಪಾಯಸ. ಅತ್ತೆ ದ್ರಾಕ್ಷಾಯಣಮ್ಮ ಓಡಿಬಂದು ಸೊಸೆಯ ಹೆಗಲಿನ ಬ್ಯಾಗು ಕಿತ್ತುಕೊಂಡಳು.

"ಭಾರ ಹೊರಬ್ಯಾಡ ಕೂಡು! ನನಗ ಹೇಳದೆ ನಿಮ್ಮ ಮಾವಗ ಮೊದ್ಲು ಹೇಳಿದ್ಯಲ್ಲೇ, ಇರ್ಲಿ, ಇರ್ಲಿ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಅಂಕಿತಾ ಮದುವೆಯಾಗಿ ಬಂದು ನಾಲ್ಕು ವರ್ಷ. "ಏನಾದ್ರೂ ವಿಶೇಷ?" ಅಂತ ಕೇಳದ ಬಾಯಿ ನಮ್ಮ ಓಣಿಯಲ್ಲಿ ಇರಲಿಲ್ಲ. ಹಾಲು ಹಾಕುವವನೂ ಕೇಳಿದ್ದ. ಅವಳು ಸೀದಾ ಮಾಳಿಗೆಗೆ ಹೋದಳು. ಪರಾತದ ಪಕ್ಕ ಉಜ್ಜನಪ್ಪ ಮಾರಿ ಮುಚ್ಚಿಕೊಂಡು ಕೂತಿದ್ದ.

"ನೀವು ಹೇಳಿದ್ರಾ ಮಾವ?"

"ನಾನು ನಿನ್ನ ಹೆಸರು ಎತ್ತಲಿಲ್ಲ ತಾಯಿ. ಈ ಮನ್ಯಾಗೆ ಬಸುರಿ ಐತೆ ಅಂದೆ. ತತ್ತಿ ಮ್ಯಾಲೆ ಕುಂತಾಕಿನೂ ಬಸುರೀನೆ ಅಲ್ಲೇನು? ಈಗಲೇ ಓಣಿ ನಡುವೆ ನಿಂತು, ಸುಳ್ಳು ಅಂತ ಕೂಗಿ ಬರ್ತೀನಿ."

ಅಂಕಿತಾ ಹಕ್ಕಿಯನ್ನು ನೋಡಿದಳು. ಅದು ಇವಳನ್ನು ನೋಡಿತು, ಎದ್ದು ಓಡಲಿಲ್ಲ.

"ಕೂಗಿದ್ರೆ ನಾಳೆ ಬೆಳಿಗ್ಗೆ ಜೆಲ್ಲಿ ಎತ್ತತಾರೆ. ಜಾಗ ಬದಲಿಸಿದ್ರೆ ಅದು ತತ್ತಿ ಗುರ್ತು ಹಿಡಿಯಂಗಿಲ್ಲ. ಇರ್ಲಿ ಬಿಡ್ರಿ ಮಾವ. ಮರಿ ಆಗೋ ತನಕ ಇರ್ಲಿ." ಅಂದವಳು ಪರಾತದ ಪಕ್ಕ ತಾನೂ ಕೂತಳು. "ನಾಕು ವರ್ಷದಾಗೆ ಇವತ್ತೇ ನೋಡ್ರಿ, ಬಸ್ ಇಳಿದು ಮನೆ ತನಕ ಬಂದೆ, ಯಾರೂ ಏನೂ ಕೇಳಲಿಲ್ಲ."

ಹೀಗೆ ಮಾವ ಸೊಸೆ ಒಂದಾದರು. ಗಂಡ ಪ್ರಶಾಂತನಿಗೆ ಅಂಕಿತಾ ನಿಜ ಹೇಳಿದಳು. ಅವನಿಗೆ ನಾಟಕ ಬರೋದಿಲ್ಲ. ಯಾರಾದರೂ ಕೈ ಕುಲುಕಿದರೆ, "ನನ್ನದೇನೂ ಇಲ್ರಿ ಇದ್ರಾಗೆ" ಅಂದುಬಿಡುತ್ತಿದ್ದ. ಅದಕ್ಕೆ ಅವನನ್ನು ಬೆಳಕು ಹರಿಯುವ ಮುಂಚೆ ಅಂಗಡಿಗೆ ಕಳಿಸತೊಡಗಿದರು. ದ್ರಾಕ್ಷಾಯಣಮ್ಮನಿಗೆ ಮಾತ್ರ ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಆಕೆ ಸೊಸೆಗೆ ಒಂದು ಕೊಡ ಎತ್ತಗೊಡಲಿಲ್ಲ. ದಿನಾ ಹೆಸರುಕಾಳು ಪಾಯಸ ಮಾಡಿ, ಎದುರಿಗೆ ಕೂತು ಕುಡಿಸುತ್ತಿದ್ದಳು. ಆ ಪಾಯಸವನ್ನು ಅಂಕಿತಾ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಉಜ್ಜನಪ್ಪ ಅರ್ಧ ರೊಟ್ಟಿಗೇ ಏಳುತ್ತಿದ್ದ. ಸುಳ್ಳು ಬೇಗ ಒಡೆದರೆ ಮರಿ ಹೋಗುತ್ತವೆ. ಮರಿ ಉಳಿದ ಮೇಲೆ ಒಡೆದರೆ ಆ ಹುಡುಗಿ ಈ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗಾಡಬೇಕು?

"ಹೊಟ್ಟೆ ಕಾಣಂಗಿಲ್ಲಲ್ಲ" ಅಂತ ಯಾರೋ ಅಂದರು. ಗುರುಶಾಂತಮ್ಮ, "ಶಾಣ್ಯಾಕಿ ಅದು. ದೃಷ್ಟಿ ಆದೀತು ಅಂತ ಮುಚ್ಚಿಟ್ಟಾಳೆ" ಅಂತ ತೀರ್ಮಾನ ಕೊಟ್ಟಳು. ಓಣಿ ಒಪ್ಪಿತು.

ಅಂಗನವಾಡಿ ಟೀಚರ್ ಆಶಾರಾಣಿ ಮನೆ ಹುಡುಕಿಕೊಂಡು ಬಂದದ್ದು ಆ ವಾರವೇ. ಅಂಕಿತಾ ಶಾಲೆಗೆ ಹೋಗಿದ್ದಳು. ಉಜ್ಜನಪ್ಪ ಪರಾತಕ್ಕೆ ನೀರು ತುಂಬಿ ಆಗಷ್ಟೇ ಕೆಳಗಿಳಿದಿದ್ದ. ಇಳಿದದ್ದು ಕಾಲು ಮಾತ್ರ. ತಲೆ ಇನ್ನೂ ಮಾಳಿಗೆಯಲ್ಲೇ ಇತ್ತು.

"ಯಾವಾಗ್ರಿ ಯಜಮಾನ್ರೆ?" ಅಂತ ಆಶಾರಾಣಿ ಪೆನ್ನು ತೆಗೆದಳು.

"ಇನ್ನೊಂದು ವಾರದಾಗೆ ಹೊರಗ ಬರ್ತಾವ್ರಿ."

"ವಾರದಾಗಾ! ಕಾರ್ಡ್ ಆಗಿಲ್ಲ, ಇಂಜೆಕ್ಷನ್ ಆಗಿಲ್ಲ... ನಿಲ್ರಿ, ಬರ್ತಾವೆ ಅಂದ್ರೆ? ಎಷ್ಟು?"

"ನಾಕು."

ಆಶಾರಾಣಿ ಜಗುಲಿಯ ಮೇಲೆ ಕೂತಳು. "ಸ್ಕ್ಯಾನಿಂಗ್ ಮಾಡಿಸೀರಾ?"

"ಸ್ಕ್ಯಾನಿಂಗ್ ಯಾಕ್ರಿ? ಬರಿಗಣ್ಣಿಗೆ ಕಾಣ್ತಾವೆ."

"ಯಾವ ಆಸ್ಪತ್ರೆ?"

"ಆಸ್ಪತ್ರೆ ಎಲ್ಲೈತ್ರಿ ಪಾಪ. ಮಾಳಿಗೆ ಮ್ಯಾಲೇನೆ."

"ಈ ಬಿಸಿಲಾಗೆ? ಮಾಳಿಗೆ ಮ್ಯಾಲೆ? ನೀರು ಗೀರು ಯಾರು ಕೊಡ್ತಾರ್ರಿ ಆಕಿಗೆ?"

"ಗಂಡ ಇಲ್ಲೇನು? ಹೊಟ್ಟಿ ಒದ್ದಿ ಮಾಡ್ಕೊಂಡು ಬಂದು..."

ಅಲ್ಲಿಗೆ ಉಜ್ಜನಪ್ಪನಿಗೆ ಎಚ್ಚರವಾಯಿತು. ಆದರೆ ಆಶಾರಾಣಿಯ ಸ್ಕೂಟಿ ಸ್ಟಾರ್ಟ್ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಅವಳಿ ಗಿವಳಿ ಅಲ್ಲ, ನಾಲ್ಕು ಅಂತ ಗೊತ್ತಾಯಿತು. ಸಂಜೆಯೊಳಗೆ ಹರಿಹರಕ್ಕೂ ಗೊತ್ತಾಯಿತು. ಗುರುಮೂರ್ತಿ ಫೋನ್ ಮಾಡಿ, "ಬೀಗರ, ಮಾಳಿಗೆ ಕಟ್ಟೋದು ಯಾಕ ಅಂತ ಈಗ ತಿಳೀತು ಬಿಡ್ರಿ. ನಾಕು ಮಕ್ಕಳಿಗೆ ಜಾಗ ಬೇಕಲ್ಲ!" ಅಂತ ಸಂತೋಷಕ್ಕೆ ಅತ್ತರು. ಉಜ್ಜನಪ್ಪ ಹೂಂ ಅಂದ.

ಭಾನುವಾರ ಬೆಳಿಗ್ಗೆ ಟೆಂಪೋ ಬಂದು ನಿಂತಿತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತಂದು ಉಡಿ ತುಂಬುವ ಶಾಸ್ತ್ರಕ್ಕೆ ನಮ್ಮಲ್ಲಿ ಕುಬುಸ ಅನ್ನುತ್ತಾರೆ. ಅದನ್ನು ತಿಂಗಳು ಲೆಕ್ಕ ಹಾಕಿ ಮಾಡಬೇಕು. ಆದರೆ ವಾರದಲ್ಲಿ ನಾಲ್ಕು ಬರುವಾಗ ಲೆಕ್ಕ ಹಾಕುತ್ತ ಕೂರುವ ತಾಯಿ ಯಾರು? ಅಂಕಿತಾಳ ಅವ್ವ ಕಸ್ತೂರಮ್ಮ ಹೋಳಿಗೆ, ಕರಿಗಡಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಎಲ್ಲ ತಂದಿದ್ದಳು. ಜೊತೆಗೆ ಕೂಸುಗಳ ತಲೆಗೆ ಅಂತ ರಾತ್ರಿ ಹಗಲು ಕೂತು ಹೊಲಿದ ನಾಲ್ಕು ಕುಲಾವಿ. ಕೆಂಪು, ಹಳದಿ, ನೀಲಿ, ಗುಲಾಬಿ. ಗುರುತು ತಪ್ಪಬಾರದು ಅಂತ ನಾಲ್ಕು ಬಣ್ಣ.

ಓಣಿಯೆಲ್ಲ ಒಳಗೆ ಸೇರಿತು. ರಹೀಮ್, ಜೈನಾಬಿಯೂ ಬಂದಿದ್ದರು. ಅಂಕಿತಾಳಿಗೆ ಹಸಿರು ಸೀರೆ ಉಡಿಸಿ ಮಣೆ ಮೇಲೆ ಕೂರಿಸಿದರು. ಕಸ್ತೂರಮ್ಮ ಮಗಳ ಕೈ ಹಿಡಿದು ಮೊದಲನೇ ಬಳೆ ಏರಿಸಿದಳು. ಏರಿಸುತ್ತ, "ಉಣ್ಣಾಕ ಕುಂತ್ರೂ ನಿಂದೇ ಚಿಂತೆ ಆಗಿತ್ತವ್ವ, ಈಗ ಹಗುರಾತು" ಅಂದಳು.

ಅಂಕಿತಾ ಕೈ ಹಿಂದಕ್ಕೆ ತಗೊಂಡಳು.

"ಅವ್ವ, ಇದು ನನಗಲ್ಲ."

"ಮತ್ತ್ಯಾರಿಗೆ?"

"ಬಾ, ತೋರಿಸ್ತೀನಿ."

ಮುಂದೆ ಅಂಕಿತಾ, ಹಿಂದೆ ಅವಳವ್ವ, ಅತ್ತೆ, ಅವರ ಹಿಂದೆ ಓಣಿ. ಉಜ್ಜನಪ್ಪ ಮಧ್ಯದ ಮೆಟ್ಟಿಲಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಎಲ್ಲರೂ ಅವನನ್ನು ಸವರಿಕೊಂಡು ಮೇಲೆ ಹೋದರು.

ಜನ ಕಂಡದ್ದೇ ಹೆಣ್ಣು ಹಕ್ಕಿ ತತ್ತಿ ಬಿಟ್ಟು ಓಡಿತು. ಓಡುತ್ತ ಒಂದು ರೆಕ್ಕೆ ಜೋತುಬಿಟ್ಟು, ಜೆಲ್ಲಿ ಮೇಲೆ ಹೊರಳುತ್ತ, ಎಳೆಯುತ್ತ ಆ ಮೂಲೆಗೆ ಹೋಯಿತು.

"ಅಯ್ಯೋ ಪಾಪ, ರೆಕ್ಕಿ ಮುರಿದೈತಲ್ಲೇ!" ಅಂದಳು ಕಸ್ತೂರಮ್ಮ.

"ಮುರಿದಿಲ್ಲವ್ವ. ನಮ್ಮ ಲಕ್ಷ್ಯ ಆ ಕಡೆ ಸೆಳೆದು ತತ್ತಿ ಉಳಿಸ್ಕೊಳ್ಳಾಕ ಸುಳ್ಳು ನಾಟಕ ಮಾಡ್ತೈತೆ. ಇಲ್ಲಿ ನೋಡು. ಇವೇ ನಾಕು."

ಗುರುಮೂರ್ತಿ ಹಕ್ಕಿಯನ್ನು ನೋಡಿದರು. ತಿರುಗಿ ಮೆಟ್ಟಿಲಲ್ಲಿ ನಿಂತ ಉಜ್ಜನಪ್ಪನನ್ನು ನೋಡಿದರು.

"ಬೀಗರ, ಇಷ್ಟು ದಿನ ನೀವೂ ರೆಕ್ಕಿ ಎಳಕೊಂಡು ತಿರುಗಾಡಿದ್ದು ಇದಕ್ಕೇನ್ರಿ?"

"ಹೂಂ" ಅಂದ ಉಜ್ಜನಪ್ಪ. "ನೀವು ನಗ್ತೀರಿ ಅಂತ."

ಗುರುಮೂರ್ತಿ ನಗಲಿಲ್ಲ. ನಗೋ ಹೊತ್ತು ಅದಾಗಿರಲಿಲ್ಲ. ಕಸ್ತೂರಮ್ಮ ನಾಲ್ಕು ಕುಲಾವಿ ಹಿಡಿದುಕೊಂಡು ನಾಲ್ಕು ತತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಗುರುಶಾಂತಮ್ಮ ಎಲ್ಲರಿಗೂ ಕೇಳೋ ಹಾಗೆ, "ಅಂದ್ರೆ... ಹೊಟ್ಟ್ಯಾಗೆ ಏನೂ ಇಲ್ಲ?" ಅಂದಳು.

ಅಂಕಿತಾ ನೆಲ ನೋಡುತ್ತಿದ್ದಳು. ಎಲ್ಲರ ಕಣ್ಣು ದ್ರಾಕ್ಷಾಯಣಮ್ಮನ ಮೇಲೆ ಹೋಯಿತು. ಇಷ್ಟು ದಿನ ಪಾಯಸ ಕುಡಿಸಿದವಳು ಆಕೆ.

ದ್ರಾಕ್ಷಾಯಣಮ್ಮ ತತ್ತಿಗಳ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. "ಒಳಗಿಂದ ಏನೋ ಕೂಗ್ತೈತಲ್ಲೇ."

"ಒಡೆಯೋದಕ್ಕೆ ಮೊದ್ಲೇ ಮರಿ ಮಾತಾಡ್ತಾವ ಅತ್ತಿ" ಅಂದಳು ಅಂಕಿತಾ, ನೆಲ ನೋಡುತ್ತಲೇ. "ಅವ್ವನ ದನಿ ಅವಕ್ಕೆ ಒಳಗಿಂದಾನೇ ಗೊತ್ತಿರ್ತೈತೆ."

"ಇದನ್ನ ನನಗ ಹೇಳಿದ್ರೆ ನಾನು ಓಣಿಗೆಲ್ಲ ಸಾರ್ತಿದ್ದೆ ಅಂತ ಹೇಳಲಿಲ್ಲ. ಅಲ್ಲೇನು?"

"ಹೂಂ ಅತ್ತಿ."

"ಸಾರ್ತಿದ್ದೆ" ಅಂದಳು ದ್ರಾಕ್ಷಾಯಣಮ್ಮ. ಸೆರಗು ಸೊಂಟಕ್ಕೆ ಸಿಗಿಸಿ ಗುರುಶಾಂತಮ್ಮನ ಕಡೆ ತಿರುಗಿದಳು. "ಹೊಟ್ಟ್ಯಾಗೆ ಏನಿದ್ರೂ ನಮ್ಮ ಹುಡುಗಿ, ಏನೂ ಇಲ್ಲದಿದ್ರೂ ನಮ್ಮ ಹುಡುಗಿ. ಹೊಟ್ಟಿ ಆಕಿದು ಗುರುಶಾಂತವ್ವ, ಓಣೀದಲ್ಲ. ನಡೀರಿ ಕೆಳಗ. ಬುತ್ತಿ ಆರ್ತೈತೆ. ಅಂಕಿತಾ, ಆ ಸೀರಿ ಬಿಚ್ಚಿದ್ಯೋ ನೋಡು ಮತ್ತ! ಹಸಿರು ನಿನಗ ಒಪ್ಪತೈತೆ."

ಅವತ್ತು ಉಜ್ಜನಪ್ಪ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ. ಗುರುಮೂರ್ತಿ ಪಕ್ಕದಲ್ಲೇ ಕೂತು, ಎಲೆಗೆ ಒತ್ತಾಯದಿಂದ ಹೋಳಿಗೆ ಹಾಕಿಸಿ, ಆಮೇಲೆ ನಿಧಾನವಾಗಿ ನಕ್ಕರು. ಆಶಾರಾಣಿ ಬರೆದುಕೊಂಡದ್ದನ್ನು ಹೊಡೆದುಹಾಕಿ, ತಾನೂ ಎರಡು ಕರಿಗಡಬು ತಿಂದಳು.

ಮಾರನೇ ಬೆಳಿಗ್ಗೆಗೆ ನಾಲ್ಕೂ ತತ್ತಿ ಒಡೆದಿದ್ದವು. ಹರಿಹರದವರು ನೋಡದೆ ಹೊರಡೋದಿಲ್ಲ ಅಂತ ಉಳಿದಿದ್ದರು. ಮರಿಗಳೆಂದರೆ ಕಡ್ಡಿ ಸಿಕ್ಕಿಸಿದ ಹತ್ತಿಯ ಉಂಡೆ. ಮೈ ಆರಿದ ಮೇಲೆ ಮಾಳಿಗೆ ತುಂಬ ಓಡಾಡತೊಡಗಿದವು. ಆಗ ಹೊಸ ಕಷ್ಟ ಎದುರಾಯಿತು. ಅಪ್ಪ ಅವ್ವ ಹಕ್ಕಿ ಕೆಳಗಿನ ರಸ್ತೆಗೆ ಇಳಿದು ಕೂಗುತ್ತಿದ್ದವು. ಮೇವು ಇರೋದು ರಸ್ತೆ ಆಚೆ, ಇನ್ನೂ ಕಟ್ಟಡ ಏಳದ ಬಯಲಲ್ಲಿ. ಈ ಹಕ್ಕಿಗೆ ಮರಿಗಳನ್ನು ಎತ್ತಿಕೊಂಡು ಹಾರಲು ಬರೋದಿಲ್ಲ. ಮರಿಗೆ ರೆಕ್ಕೆ ಬಲಿತಿಲ್ಲ.

"ಹಾರಿಬೀಳ್ತಾವೆ. ಬೇರೆ ದಾರಿ ಇಲ್ಲ" ಅಂದಳು ಅಂಕಿತಾ. "ಕೆಳಗ ಕಾಂಕ್ರೀಟು."

ರಹೀಮ್ ಗಡ್ಡ ಕೆರೆದುಕೊಂಡು, "ತಡೀರಿ" ಅಂದು ಬೈಕು ಹತ್ತಿದ. ಜೈನಾಬಿಯ ತಮ್ಮನದು ಮಂಡಕ್ಕಿ ಭಟ್ಟಿ. ಅರ್ಧ ಗಂಟೆಗೆ ಆಟೋದಲ್ಲಿ ಮಂಡಕ್ಕಿ ಚೀಲ ಬಂದವು. ಒಂದೊಂದು ಚೀಲ ಆಳೆತ್ತರ, ತೂಕ ನೋಡಿದರೆ ದಿಂಬಿನಷ್ಟು. ಓಣಿಯವರೆಲ್ಲ ಹೊತ್ತು ತಂದು ಗೋಡೆಯ ಬುಡಕ್ಕೆ ಹಾಸಿಗೆ ಹಾಸಿದ ಹಾಗೆ ಜೋಡಿಸಿದರು. ನೀರಿನ ಟ್ಯಾಂಕರಿನವನು ಬಂದು ಹಾರ್ನ್ ಹೊಡೆದ. ಗುರುಶಾಂತಮ್ಮ, "ಇಂಜಿನ್ ಬಂದ್ ಮಾಡೋ, ಕೂಸು ಬರ್ತಾವೆ!" ಅಂತ ಗದರಿಸಿದಳು. ಅವನು ಇಂಜಿನ್ ಬಂದ್ ಮಾಡಿ ತಾನೂ ಇಳಿದು ನಿಂತ.

ಅಂಕಿತಾ ಮಾಳಿಗೆ ಅಂಚಿನಿಂದ ದೂರ ಮಲಗಿ ನೋಡುತ್ತಿದ್ದಳು. ಕೆಳಗಿಂದ ಅವ್ವ ಹಕ್ಕಿ ಕೂಗಿತು. ಮೊದಲನೇ ಮರಿ ಅಂಚಿಗೆ ಬಂತು, ನೋಡಿತು, ಹಾರಿತು. ಗಾಳಿಯಲ್ಲಿ ತೇಲಿ ಚೀಲದ ಮೇಲೆ ಪುಟಿದು, ಎದ್ದು ಓಡಿತು. ಓಣಿಗೆ ಉಸಿರು ಬಂತು. ಎರಡನೆಯದೂ ಬಂತು, ಮೂರನೆಯದೂ ಬಂತು.

ನಾಲ್ಕನೆಯದು ಬರಲಿಲ್ಲ. ಅಂಚಿಗೆ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು. ಅವ್ವ ಕೂಗಿ ಕೂಗಿ ಸುಸ್ತಾಯಿತು. ಇತರ ಮೂರೂ ರೆಕ್ಕೆಯ ಕೆಳಗೆ ಸೇರಿಕೊಂಡವು. ಬಿಸಿಲು ಏರುತ್ತಿತ್ತು.

"ಬಾರೋ ಕಂದ!" ಅಂತ ಕಸ್ತೂರಮ್ಮ ಕೈ ಚಾಚಿದಳು. "ಒಂಚೂರು ಕಡ್ಡಿಯಿಂದ ನೂಕಿದ್ರೆ?" ಅಂದ ಟ್ಯಾಂಕರಿನವನು. "ಯಾಕ ಬರವಲ್ದು? ಏನರೆ ಊನ ಐತೇನು?" ಅಂತ ಗುರುಶಾಂತಮ್ಮ. "ಆ ಮೂರೂ ಬಂದವಲ್ಲ, ಇದಕ್ಕೇನು ದಾಡಿ?" ಅಂತ ಇನ್ನೊಬ್ಬರು. ಒಬ್ಬೊಬ್ಬರದು ಒಂದೊಂದು ಸಲಹೆ. ಮರಿ ಇನ್ನೂ ಹಿಂದಕ್ಕೆ ಹೋಯಿತು.

ದ್ರಾಕ್ಷಾಯಣಮ್ಮ ಮೇಲೆ ಮಲಗಿದ್ದ ಸೊಸೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ರಸ್ತೆಯ ನಡುವೆಯೇ ಕೂತುಬಿಟ್ಟಳು.

"ಯಾರೂ ಮ್ಯಾಲೆ ನೋಡಬ್ಯಾಡ್ರಿ" ಅಂದಳು. "ನೋಡೋದು ಬಿಡ್ರಿ ಮೊದ್ಲು. ಕೂಡ್ರಿ ಎಲ್ಲಾರೂ."

ಆಕೆಯ ದನಿಗೆ ಓಣಿಯೇ ಕೂತಿತು. ಅಂಕಿತಾಳೂ ಮೆಲ್ಲಗೆ ಕೆಳಗಿಳಿದು ಬಂದು ಕೂತಳು. ಎಷ್ಟು ಹೊತ್ತು ಅಂತ ಸುಮ್ಮನೆ ಕೂರೋದು? ಒಂದು ಚೀಲದ ಹೊಲಿಗೆ ಬಿಚ್ಚಿದರು. ಯಾರೋ ಎಣ್ಣೆ, ಖಾರದಪುಡಿ, ಈರುಳ್ಳಿ ತಂದರು. ರಹೀಮ್ ಟವೆಲ್ಲು ಹಾಸಿ ಕಲಸಿದ. ಉಪ್ಪು ಕಡಿಮೆ ಆಯಿತು ಅಂತ ಗುರುಮೂರ್ತಿ, ದಾವಣಗೆರೆ ಮಂಡಕ್ಕಿಗೆ ಹರಿಹರದವರು ಉಪ್ಪು ಹೇಳಬ್ಯಾಡ್ರಿ ಅಂತ ಉಜ್ಜನಪ್ಪ. ಮಾತಿಗೆ ಮಾತು ಬೆಳೆಯಿತು. ಬೀಗರಿಬ್ಬರ ಜಗಳ ನೋಡುತ್ತ ಓಣಿಯೆಲ್ಲ ಬಾಯಾಡಿಸುತ್ತಿತ್ತು.

ಆ ಗದ್ದಲದಲ್ಲಿ ಯಾರೋ ರಸ್ತೆ ಆಚೆ ಕೈ ತೋರಿಸಿದರು. ಎರಡು ಹಕ್ಕಿ ಬಯಲಿಗೆ ಇಳಿಯುತ್ತಿದ್ದವು. ಹಿಂದೆ ಸಾಲಾಗಿ ಮರಿಗಳು. ಕಸ್ತೂರಮ್ಮ ಬೆರಳು ಮಡಚಿ ಎಣಿಸಿದಳು.

ನಾಲ್ಕೂ ಇದ್ದವು. ಕೊನೆಯದು ಯಾವಾಗ ಬಂತು ಅನ್ನೋದನ್ನು ಓಣಿಯಲ್ಲಿ ಒಬ್ಬರೂ ನೋಡಿರಲಿಲ್ಲ.